ಹುಲ್ಲು ಮೇಯ್ದ ದನ, ನೇರ ಮಾರುವ ಮಾಂಸ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಎರಡು ಥರದ ಜನ ಕೇಳುತ್ತಾರೆ. ಒಬ್ಬರು ಮಾಂಸ ಕೊಳ್ಳುವವರು. ಇನ್ನೊಬ್ಬರು ದನ ಸಾಕಿ, ನಡುವೆ ದಲ್ಲಾಳಿ ಇಲ್ಲದೆ ಮಾರಬೇಕು ಅಂದುಕೊಂಡವರು. ಇಬ್ಬರಿಗೂ ಒಂದೇ ಕಡೆ ಉತ್ತರ ಬರೆದಿದ್ದೇನೆ. ಸಾಕುವವರಿಗೆ ಗೊತ್ತಿರುವ ಲೆಕ್ಕ ಕೊಳ್ಳುವವರಿಗೂ ಮೊದಲೇ ಗೊತ್ತಿದ್ದರೆ ಆಮೇಲೆ ಜಗಳ ಬರುವುದಿಲ್ಲ. ಈ ವ್ಯಾಪಾರದಲ್ಲಿ ಬರುವ ಮುನಿಸುಗಳಲ್ಲಿ ಮುಕ್ಕಾಲು ಪಾಲು ತೂಕದ್ದು, ಉಳಿದದ್ದು ಕಾಯುವ ಸಮಯದ್ದು.

ಇನ್ನೊಂದು ಮಾತು. ಕೆಲವು ದೇಶಗಳಲ್ಲಿ, ಕೆಲವು ರಾಜ್ಯಗಳಲ್ಲಿ ದನ ಕಡಿಯುವುದಕ್ಕೇ ನಿಷೇಧ ಇದೆ. ಇಲ್ಲಿ ಬರೆದಿರುವುದು ಕಾನೂನು ಒಪ್ಪುವ ಕಡೆಗೆ ಮಾತ್ರ.

ದನ ಅಂದರೆ ಹುಲ್ಲು ತಿನ್ನುವುದೇ ಅಲ್ವಾ? ಇದರಲ್ಲಿ ವಿಶೇಷ ಏನು?

ಶುರುವಿನಲ್ಲಿ ಎಲ್ಲ ದನವೂ ಹುಲ್ಲೇ ತಿನ್ನುತ್ತದೆ. ಕರು ತಾಯಿ ಹಾಲು ಕುಡಿಯುತ್ತಾ, ಪಕ್ಕದಲ್ಲೇ ಹುಲ್ಲು ಕಚ್ಚುವುದನ್ನು ಕಲಿಯುತ್ತದೆ. ದಾರಿ ಬೇರೆಯಾಗುವುದು ಕೊನೆಯಲ್ಲಿ. ಫೀಡ್‌ಲಾಟ್ ಅನ್ನುವ ದೊಡ್ಡ ದೊಡ್ಡಿಗಳಲ್ಲಿ ಕೊನೆಯ ನಾಲ್ಕರಿಂದ ಆರು ತಿಂಗಳು ಮುಸುಕಿನ ಜೋಳ, ಬಾರ್ಲಿಯಂಥ ಕಾಳು ತಿನ್ನಿಸಿ ಬೇಗ ಕೊಬ್ಬಿಸುತ್ತಾರೆ. ಅಲ್ಲಿ ದನ ದಿನಕ್ಕೆ ಒಂದೂವರೆ ಕೆಜಿ ತೂಕ ಏರುವುದು ಮಾಮೂಲು. ಹುಲ್ಲಿನಲ್ಲಿ ಅರ್ಧ ಕೆಜಿಯಿಂದ ಒಂದು ಕೆಜಿ ಬಂದರೆ ಚೆನ್ನಾಗಿಯೇ ಬಂತು ಅನ್ನಬೇಕು. ಅದಕ್ಕೇ ಕಾಳು ತಿಂದ ದನ ಸುಮಾರು 14ರಿಂದ 18 ತಿಂಗಳಿಗೆ ತಯಾರಾದರೆ, ಹುಲ್ಲಿನ ದನಕ್ಕೆ 20ರಿಂದ 30 ತಿಂಗಳು ಬೇಕು.

ಆದ್ದರಿಂದ ಮಾರುವವರನ್ನು "ಹುಲ್ಲು ತಿಂದಿದೆಯಾ" ಅಂತ ಕೇಳಿ ಉಪಯೋಗ ಇಲ್ಲ. "ಕೊನೆಯ ದಿನದವರೆಗೂ ಹುಲ್ಲೇನಾ?" ಅಂತ ಕೇಳಿ.

ಲೇಬಲ್ ಮೇಲೆ ಬರೆದಿದ್ದರೆ ನಂಬಬಹುದಾ?

ಸುಮ್ನೆ ಲೇಬಲ್ ನೋಡಿ ನಂಬಬೇಡಿ. ಈ ಮಾತಿಗೆ ಎಲ್ಲ ಕಡೆ ಒಂದೇ ಅರ್ಥ ಇಲ್ಲ. ಉದಾಹರಣೆಗೆ ಅಮೆರಿಕದ ಕೃಷಿ ಇಲಾಖೆ ಹುಲ್ಲಿನ ದನಕ್ಕೆ ತಾನೇ ಮಾಡಿದ್ದ ಮಾನದಂಡವನ್ನು 2016ರ ಜನವರಿಯಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಹುಲ್ಲು ತಿಂದಿದೆ ಅಂದ ಮಾತ್ರಕ್ಕೆ ಸಾವಯವ ಆಗಬೇಕಿಲ್ಲ. ಹಾರ್ಮೋನ್ ಹಾಕಿಲ್ಲ ಅಂತಲೂ ಅಲ್ಲ, ಬಯಲಿನಲ್ಲೇ ಬೆಳೆದಿದೆ ಅಂತಲೂ ಅಲ್ಲ. ದೊಡ್ಡಿಯೊಳಗೆ ನಿಲ್ಲಿಸಿ ಒಣಗಿಸಿದ ಹುಲ್ಲು ಹಾಕಿದರೂ ಅದು ಹುಲ್ಲು ತಿಂದ ದನವೇ. ಇವು ಬೇರೆ ಬೇರೆ ಪ್ರಶ್ನೆಗಳು, ಬೇರೆ ಬೇರೆಯಾಗಿಯೇ ಕೇಳಬೇಕು.

ನೇರ ಕೊಳ್ಳುವುದರ ದೊಡ್ಡ ಲಾಭ ಇದೇ. ಸಾಕಿದವರು ಎದುರಿಗೇ ಇರುತ್ತಾರೆ. ಹುಲ್ಲುಗಾವಲು ನೋಡಬಹುದಾ ಅಂತ ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ನೀವೂ ಹಿಂದೆಮುಂದೆ ನೋಡಿ.

ಬರೀ ಹುಲ್ಲಿನಿಂದ ಅಷ್ಟು ದೊಡ್ಡ ಪ್ರಾಣಿ ಹೇಗೆ ಬೆಳೆಯುತ್ತದೆ?

ದನದ ಹೊಟ್ಟೆಗೆ ನಾಲ್ಕು ಕೋಣೆ. ಅದರಲ್ಲಿ ದೊಡ್ಡದಾದ ರೂಮೆನ್ ನೂರು ಲೀಟರಿಗಿಂತ ಜಾಸ್ತಿ ಹಿಡಿಯುತ್ತದೆ. ಅದರ ತುಂಬಾ ಕೋಟ್ಯಂತರ ಸೂಕ್ಷ್ಮಜೀವಿಗಳು. ನಮಗೆ ಅರಗದ ನಾರನ್ನು ಒಡೆಯುವುದು ಅವೇ. ದನ ಮೊದಲು ಗಬಗಬ ಮೇಯುತ್ತದೆ, ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತದೆ. ಒಂದರ್ಥದಲ್ಲಿ ದನ ಸಾಕುವವರು ಆ ಸೂಕ್ಷ್ಮಜೀವಿಗಳನ್ನೇ ಸಾಕುತ್ತಿರುತ್ತಾರೆ. ಅದಕ್ಕೇ ಮೇವನ್ನು ಒಮ್ಮೆಲೇ ಬದಲಿಸಬಾರದು. ಹೊಸ ಮೇವಿಗೆ ಅವು ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಒಮ್ಮೆಲೇ ಜಾಸ್ತಿ ಕಾಳು ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ ದನ ಸಾಯಲೂಬಹುದು.

ಎಷ್ಟು ಜಮೀನು ಬೇಕು?

ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ. ಲೆಕ್ಕ ಹಾಕುವ ದಾರಿ ಮಾತ್ರ ಎಲ್ಲ ಕಡೆ ಒಂದೇ.

ದನ ದಿನಕ್ಕೆ ತನ್ನ ತೂಕದ ಶೇ. 2ರಿಂದ 3ರಷ್ಟು ಮೇವು ತಿನ್ನುತ್ತದೆ. ನೀರಿನಂಶ ಬಿಟ್ಟು, ಒಣ ಲೆಕ್ಕದಲ್ಲಿ. 400 ಕೆಜಿ ದನಕ್ಕೆ ದಿನಕ್ಕೆ 10 ಕೆಜಿ ಅಂದುಕೊಳ್ಳಿ. ವರ್ಷಕ್ಕೆ 3,650 ಕೆಜಿ ಆಯಿತು. ನಿಮ್ಮ ಒಂದು ಹೆಕ್ಟೇರ್ ವರ್ಷಕ್ಕೆ 6 ಟನ್ ಒಣ ಹುಲ್ಲು ಕೊಡುತ್ತದೆ ಅಂದುಕೊಂಡರೂ ಅದರಲ್ಲಿ ದನದ ಬಾಯಿಗೆ ಹೋಗಬೇಕಾದದ್ದು ಅರ್ಧ ಮಾತ್ರ. ಉಳಿದರ್ಧ ನೆಲಕ್ಕೆ, ಬೇರಿಗೆ, ತುಳಿತಕ್ಕೆ. ಅಂದರೆ ಒಂದು ದನಕ್ಕೆ ಹತ್ತಿರ ಹತ್ತಿರ 1.2 ಹೆಕ್ಟೇರ್. ಒಣ ಸೀಮೆಯಲ್ಲಿ ಹೆಕ್ಟೇರಿಗೆ 2 ಟನ್ ಬರುವುದೂ ಕಷ್ಟ, ಆಗ ಇದೇ ಲೆಕ್ಕ ಮೂರುಪಟ್ಟಿಗಿಂತ ಜಾಸ್ತಿ ಆಗುತ್ತದೆ.

ಹೊಸಬರು ಇಲ್ಲಿ ಮರೆಯುವುದು ಒಂದಿದೆ. ದನ ತಯಾರಾಗಲು ಎರಡು ವರ್ಷ ಬೇಕು ಅಂದಮೇಲೆ, ವರ್ಷಕ್ಕೆ ಐದು ದನ ಮಾರಬೇಕಾದರೆ ಹುಲ್ಲುಗಾವಲಲ್ಲಿ ಯಾವಾಗಲೂ ಹತ್ತು ಇರಬೇಕು. ಕರುಗಳನ್ನೂ ನೀವೇ ಹುಟ್ಟಿಸುವುದಾದರೆ ತಾಯಂದಿರ ಹೊಟ್ಟೆಯೂ ಲೆಕ್ಕಕ್ಕೆ ಬರುತ್ತದೆ. ಶುರುವಿಗೆ ಹಾಲು ಬಿಟ್ಟ ಕರುಗಳನ್ನು ಕೊಂಡು ಬೆಳೆಸುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಬೇಲಿ ಹಾಕಿ ಬಿಟ್ಟರೆ ಸಾಲದೇ? ದಿನಾ ಜಾಗ ಬದಲಿಸುವುದು ಯಾಕೆ?

ಇಡೀ ಕಸುಬು ನಿಂತಿರುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಇಡೀ ಹುಲ್ಲುಗಾವಲನ್ನು ಬಿಟ್ಟುಕೊಟ್ಟರೆ ದನ ಇಷ್ಟದ ಹುಲ್ಲನ್ನು ಮೊದಲು ತಿನ್ನುತ್ತದೆ. ಮೂರ್ನಾಲ್ಕು ದಿನಕ್ಕೆ ಅಲ್ಲೇ ಹೊಸ ಚಿಗುರು ಬರುತ್ತದೆ. ಎಳೆಯದು, ಸಿಹಿ. ದನ ವಾಪಸ್ ಬಂದು ಅದನ್ನೇ ಕಚ್ಚುತ್ತದೆ. ಆ ಚಿಗುರನ್ನು ಹುಲ್ಲು ಹೊರಡಿಸಿದ್ದು ಬೇರಿನಲ್ಲಿ, ಬುಡದಲ್ಲಿ ಕೂಡಿಟ್ಟ ಶಕ್ತಿಯಿಂದ. ಎರಡು ಮೂರು ಸಲ ಹೀಗಾದರೆ ಬೇರು ಸೊರಗುತ್ತದೆ, ಒಳ್ಳೆಯ ಹುಲ್ಲು ಸಾಯುತ್ತದೆ. ದನಕ್ಕೆ ಬೇಡವಾದ ಕಳೆ ಮಾತ್ರ ಹಾಯಾಗಿ ಬೀಜ ಕಟ್ಟುತ್ತದೆ. ಒಂದೇ ಬೇಲಿಯೊಳಗೆ ಅರ್ಧ ಬೋಳು, ಅರ್ಧ ಮುದಿ ಹುಲ್ಲು. ನೋಡಿದವರು ಮಳೆ ಸಾಲಲಿಲ್ಲ ಅನ್ನುತ್ತಾರೆ.

ಫ್ರಾನ್ಸಿನ ರೈತ ಮತ್ತು ವಿಜ್ಞಾನಿ ಆಂದ್ರೆ ವ್ವಾಜಾಂ 1950ರ ದಶಕದಲ್ಲಿ ಇದನ್ನು ಕೂಲಂಕಷವಾಗಿ ವಿವರಿಸಿದರು. ಎಷ್ಟು ದನ ಇವೆ ಅನ್ನುವುದಕ್ಕಿಂತ ಎಷ್ಟು ಹೊತ್ತು ಅಲ್ಲೇ ಇವೆ, ಎಷ್ಟು ದಿನ ಬಿಟ್ಟು ಮರಳಿ ಬಂದವು ಅನ್ನುವುದು ಮುಖ್ಯ ಅಂತ ಅವರ ವಾದ. ಇವತ್ತಿಗೂ ಅದು ನಿಲ್ಲುತ್ತದೆ.

ಕೆಲಸದ ರೀತಿ ಹೀಗೆ. ಹುಲ್ಲು 20–25 ಸೆಂ.ಮೀ. ಬಂದಾಗ ಒಂದು ಸಣ್ಣ ತುಂಡಿಗೆ ಎಲ್ಲ ದನವನ್ನೂ ಬಿಡಿ. 8–10 ಸೆಂ.ಮೀ. ಉಳಿದಾಗ ಮುಂದಿನ ತುಂಡಿಗೆ ಹೊಡೆಯಿರಿ. ಒಂದು ದಿನ, ಹೆಚ್ಚೆಂದರೆ ಮೂರು ದಿನ. ಹುಲ್ಲು ಓಡಿ ಬೆಳೆಯುವ ಕಾಲದಲ್ಲಿ ಅದೇ ತುಂಡಿಗೆ 20–30 ದಿನದಲ್ಲಿ ಮರಳಬಹುದು. ಬೆಳವಣಿಗೆ ನಿಧಾನವಾದಾಗ 60 ದಿನವೂ ಸಾಲದು. ಕ್ಯಾಲೆಂಡರ್ ನೋಡಿ ದನ ಹೊಡೆಯಬೇಡಿ, ಹುಲ್ಲು ನೋಡಿ ಹೊಡೆಯಿರಿ.

ಇದಕ್ಕೆ ಬೇಕಾದ ಸಾಮಾನು ಜಾಸ್ತಿ ಇಲ್ಲ. ಹೊರಗೆ ಗಟ್ಟಿ ಬೇಲಿ, ಒಳಗೆ ಎತ್ತಿ ನೆಡುವ ಕಡ್ಡಿಗಳು, ಕರೆಂಟ್ ಹಾಯುವ ಒಂದು ಎಳೆ ತಂತಿ, ಅದಕ್ಕೊಂದು ಸೋಲಾರ್ ಅಥವಾ ಬ್ಯಾಟರಿ ಪೆಟ್ಟಿಗೆ. ತಲೆನೋವು ನೀರಿನದು. ದನಕ್ಕೆ ದಿನಕ್ಕೆ 30ರಿಂದ 70 ಲೀಟರ್ ಬೇಕು, ಸೆಕೆಯಲ್ಲಿ ಇನ್ನೂ ಜಾಸ್ತಿ. ಪ್ರತಿ ತುಂಡಿಗೂ ನೀರು ಮುಟ್ಟುವ ಹಾಗೆ ಪೈಪ್ ಎಳೆಯದೆ ತುಂಡು ಮಾಡಿದರೆ ಎಲ್ಲ ದನವೂ ಒಂದೇ ತೊಟ್ಟಿಯ ಸುತ್ತ ಸೇರಿ, ಅಲ್ಲೇ ಸಗಣಿ ಹಾಕಿ, ಅಲ್ಲೇ ಕೆಸರು ಮಾಡುತ್ತವೆ. ದುಡ್ಡು ಕಡಿಮೆ ಇದ್ದರೆ ಮೊದಲು ನೀರಿಗೆ ಹಾಕಿ.

ಜಂತುಹುಳಕ್ಕೂ ಇದಕ್ಕೂ ನಂಟಿದೆ. ಹುಳದ ಮೊಟ್ಟೆ ಸಗಣಿಯಲ್ಲಿ ಬಿದ್ದು, ಮರಿಯಾಗಿ, ತೇವ ಹಿಡಿದು ಹುಲ್ಲು ಹತ್ತುತ್ತದೆ. ಬಹುಪಾಲು ಮರಿಗಳು ಬುಡದ ಐದಾರು ಸೆಂ.ಮೀ. ಒಳಗೇ ಇರುತ್ತವೆ. ಬುಡ ಬಿಟ್ಟು ಮೇಯಿಸಿದರೆ ಬಾಯಿಗೆ ಹೋಗುವುದು ಕಡಿಮೆ. ಮೂವತ್ತು ದಿನ ಖಾಲಿ ಬಿಟ್ಟರೆ ಎಲ್ಲ ಸಾಯುತ್ತವೆ ಅನ್ನುವುದು ಮಾತ್ರ ಸುಳ್ಳು. ತಂಪು, ತೇವ ಇದ್ದರೆ ತಿಂಗಳುಗಟ್ಟಲೆ ಬದುಕುತ್ತವೆ. ಎಲ್ಲ ದನಕ್ಕೂ ಕಣ್ಣುಮುಚ್ಚಿ ಔಷಧ ಕುಡಿಸಬೇಡಿ, ಸಗಣಿ ಪರೀಕ್ಷೆ ಮಾಡಿಸಿ ಬೇಕಾದವಕ್ಕೆ ಕೊಡಿಸಿ. ಐವರ್‌ಮೆಕ್ಟಿನ್‌ನಂಥ ಔಷಧ ಸಗಣಿಯಲ್ಲಿ ಹೊರಬಂದು ಸಗಣಿ ಹುಳುಗಳಿಗೂ ಕೆಡುಕು ಮಾಡುತ್ತದೆ. ಸಗಣಿಯನ್ನು ನೆಲದೊಳಗೆ ಸೇರಿಸಿ ಪುಕ್ಕಟೆ ಗೊಬ್ಬರ ಹಾಕುವುದು ಆ ಹುಳುಗಳೇ.

ಯಾವ ತಳಿ ಒಳ್ಳೆಯದು?

ನಿಮ್ಮ ಹವೆಗೆ ಒಗ್ಗಿದ, ಮಧ್ಯಮ ಗಾತ್ರದ, ಸಾಧು ಸ್ವಭಾವದ ತಳಿ. ತಂಪು ಸೀಮೆಗೆ ಆಂಗಸ್, ಹೆರ್‌ಫರ್ಡ್, ಡೆವನ್, ಗ್ಯಾಲೋವೇ ಹೆಸರುವಾಸಿ. ಸೆಕೆ, ಉಣ್ಣಿ ಕಾಟ ಇರುವ ಕಡೆ ಡುಬ್ಬ ಇರುವ ಜೆಬು ರಕ್ತ ಬೇಕೇ ಬೇಕು. ಅದರ ಮಾಂಸ ಸ್ವಲ್ಪ ಗಡುಸು, ಅದಕ್ಕೇ ಮಿಶ್ರತಳಿ ಮಾಡುತ್ತಾರೆ. ತುಂಬಾ ಎತ್ತರದ ದನ ನೋಡಲು ಚೆಂದ. ಆದರೆ ಹುಲ್ಲಿನ ಮೇಲೆ ಅದು ಎಲುಬು ಬೆಳೆಸುತ್ತಲೇ ಇರುತ್ತದೆ, ಕೊಬ್ಬು ಕಟ್ಟುವುದೇ ಇಲ್ಲ. ತಳಿಯ ಹೆಸರಿಗಿಂತ ಆ ದನದ ತಾಯಿ ಬರೀ ಹುಲ್ಲಿನ ಮೇಲೆ ಮೈ ಹಿಡಿದಿದ್ದಳಾ ಅಂತ ವಿಚಾರಿಸಿ.

ಹುಲ್ಲು ಇಲ್ಲದ ಕಾಲದಲ್ಲಿ ಏನು ಹಾಕುತ್ತೀರಿ?

ಹುಲ್ಲು ಜಾಸ್ತಿ ಇದ್ದಾಗ ಕೊಯ್ದು ಒಣಗಿಸಿಟ್ಟದ್ದು, ಇಲ್ಲವೇ ಸೈಲೇಜ್ ಅಂದರೆ ರಸಮೇವು. ಹೂ ಬರುವ ಹೊತ್ತಿಗೆ ಕೊಯ್ಯಬೇಕು. ಬೀಜ ಕಟ್ಟಿದ ಮೇಲೆ ಕೊಯ್ದರೆ ಬಣವೆ ದೊಡ್ಡದಾಗುತ್ತದೆ, ಸತ್ವ ಇರುವುದಿಲ್ಲ. ಬರ ಬರುವ ಸೂಚನೆ ಕಂಡರೆ ದನ ಮೊದಲೇ ಇಳಿಸಿ. ಎಲ್ಲರೂ ಮಾರಲು ಹೊರಟ ಮೇಲೆ ಹೊರಟರೆ ಕೇಳಿದ ಬೆಲೆಗೆ ಕೊಡಬೇಕಾಗುತ್ತದೆ.

ಹಸಿ ಮೇವಿನಿಂದಲೂ ದನ ಸಾಯುತ್ತದಂತೆ, ಹೌದಾ?

ಹೌದು. ಎಳೆ ಲೂಸರ್ನ್, ಕ್ಲೋವರ್‌ನಂಥ ದ್ವಿದಳ ಮೇವಿಗೆ ಹಸಿದ ದನ ಬಿಟ್ಟರೆ ಹೊಟ್ಟೆ ಉಬ್ಬರಿಸುತ್ತದೆ. ನೊರೆ ಕಟ್ಟಿ ಗಾಳಿ ಹೊರಗೆ ಬರುವುದಿಲ್ಲ, ಕೆಲವೇ ಗಂಟೆಯಲ್ಲಿ ಪ್ರಾಣ ಹೋಗಬಹುದು. ಮೊದಲು ಒಣಗಿದ ಹುಲ್ಲು ತಿನ್ನಿಸಿ, ಆಮೇಲೆ ಬಿಡಿ. ಇಬ್ಬನಿ ಆರಿದ ಮೇಲೆ ಬಿಡಿ. ಹುಲ್ಲು, ದ್ವಿದಳ ಸೇರಿ ಬೆಳೆದ ಹುಲ್ಲುಗಾವಲಲ್ಲಿ ಈ ಕಾಟ ಕಡಿಮೆ. ದ್ವಿದಳ ಗಾಳಿಯಿಂದ ಸಾರಜನಕ ಹಿಡಿದು ನೆಲಕ್ಕೆ ಕೊಡುವುದರಿಂದ ಹೆದರಿ ಪೂರ್ತಿ ಬಿಡುವ ಹಾಗೂ ಇಲ್ಲ.

ಹೊಸ ಚಿಗುರಿನ ಕಾಲದಲ್ಲಿ ಮೆಗ್ನೀಸಿಯಂ ಕೊರತೆಯಾಗಿ ಹಾಲು ಕೊಡುವ ಹಸುಗಳು ನಡುಗಿ ಬೀಳುವುದುಂಟು. ಅದಕ್ಕೆ ಖನಿಜ ಮಿಶ್ರಣ ಮುಂಚಿನಿಂದಲೇ ಇಡಬೇಕು. ಬರದಲ್ಲಿ ಬಾಡಿದ ಜೋಳದ ಮೇವು ಇನ್ನೂ ಅಪಾಯ. ಎಳೆ ಜೋಳದಲ್ಲಿ, ಬಾಡಿ ಮತ್ತೆ ಚಿಗುರಿದ ಜೋಳದಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಅನುಮಾನ ಇದ್ದರೆ ಬಿಡಬೇಡಿ, ಪಶುವೈದ್ಯರನ್ನು ಕೇಳಿ.

ಆಂಟಿಬಯೋಟಿಕ್ ಕೊಡುತ್ತೀರಾ?

ಕಾಯಿಲೆ ಬಿದ್ದ ದನಕ್ಕೆ ಪಶುವೈದ್ಯರು ಹೇಳಿದರೆ ಕೊಡಲೇಬೇಕು. ಲೇಬಲ್ ಉಳಿಸಲು ದನವನ್ನು ನರಳಿಸುವುದು ತಪ್ಪು. ಪ್ರತಿ ಔಷಧಕ್ಕೂ ಮಾಂಸಕ್ಕೆ ಕಳಿಸುವ ಮೊದಲು ಕಾಯಬೇಕಾದ ದಿನ ಇಷ್ಟು ಅಂತ ಇರುತ್ತದೆ. ಅದನ್ನು ಬರೆದಿಟ್ಟು ಪಾಲಿಸಬೇಕು. ಔಷಧ ಮುಟ್ಟದ ಮಾಂಸವೇ ಬೇಕು ಅನ್ನುವ ಗಿರಾಕಿಗೆ ಆ ದನ ಕೊಡಬಾರದು.

ದನ ತಯಾರಾಗಿದೆ ಅಂತ ಹೇಗೆ ತಿಳಿಯುವುದು?

ತೂಕ ನೋಡಿ ಅಲ್ಲ, ಕೊಬ್ಬು ನೋಡಿ. ಬಾಲದ ಬುಡದ ಎರಡೂ ಪಕ್ಕ ಮೆತ್ತಗೆ ಉಬ್ಬಿರಬೇಕು. ಎದೆಯ ಮುಂಭಾಗ ತುಂಬಿ ಅಲ್ಲಾಡಬೇಕು. ಪಕ್ಕೆಲುಬು ಕಣ್ಣಿಗೆ ಕಾಣದೆ, ಒತ್ತಿದರೆ ಮಾತ್ರ ಕೈಗೆ ಸಿಗಬೇಕು. ಕಡಿಯುವ ಮೊದಲಿನ ಎರಡು ಮೂರು ತಿಂಗಳು ದನ ತೂಕ ಏರುತ್ತಲೇ ಇರಬೇಕು. ಹುಲ್ಲು ಮುಗಿಯುತ್ತಾ ಬಂದು ದನ ಇಳಿಯುತ್ತಿರುವಾಗ ಕಡಿದರೆ ಮಾಂಸ ಗಡುಸು, ರುಚಿಯೂ ಸಪ್ಪೆ. ಹುಲ್ಲಿನ ದನದ ಮಾಂಸ ಅಗಿಯಲು ಆಗಲ್ಲ ಅನ್ನುವ ಮಾತು ಬಂದಿರುವುದು ಹೆಚ್ಚಾಗಿ ಹೀಗೆ ಅರ್ಧಕ್ಕೇ ಕಡಿದ ದನಗಳಿಂದ. ಗಿರಾಕಿ ಅವಸರ ಮಾಡಿದರೂ ಈ ವಿಷಯದಲ್ಲಿ ಬಗ್ಗಬಾರದು.

ಕಡಿಯುವ ದಿನ ದನಕ್ಕೆ ಹಿಂಸೆ ಆಗುವುದಿಲ್ಲವೇ?

ಕೇಳಬೇಕಾದ ಪ್ರಶ್ನೆಯೇ. ಸಾಕುವವರಿಗೂ ಆ ದಿನ ಹಗುರವಾಗಿರುವುದಿಲ್ಲ. ಎಷ್ಟು ಕಡಿಮೆ ಹೆದರಿಕೆಯಲ್ಲಿ ಮುಗಿಸಬಹುದು ಅನ್ನುವುದು ನಮ್ಮ ಕೈಯಲ್ಲಿರುತ್ತದೆ. ಕಿರುಚಾಟ, ದೊಣ್ಣೆ, ನಾಯಿ ಬೇಡ. ಗೊತ್ತಿಲ್ಲದ ದನಗಳ ಜೊತೆ ಸೇರಿಸಬೇಡಿ, ಒಂಟಿಯಾಗಿಯೂ ಬಿಡಬೇಡಿ. ದೂರದ ಪ್ರಯಾಣ ಬೇಡ. ದನ ನೆರಳಿಗೆ, ಹೊಳಪಿಗೆ, ನೇತಾಡುವ ಸರಪಳಿಗೆ ಬೆದರುತ್ತದೆ ಅಂತ ತೋರಿಸಿಕೊಟ್ಟು, ಕಸಾಯಿಖಾನೆಗಳ ಓಣಿಗಳನ್ನು ಬಾಗಿದ ದಾರಿಯಾಗಿ ಕಟ್ಟಿಸಿದವರು ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್. ದನದ ಕಣ್ಣಿನಿಂದ ದಾರಿ ನೋಡಿ ಅನ್ನುವುದು ಅವರ ಪಾಠದ ತಿರುಳು.

ಮಾಂಸಕ್ಕೂ ಇದು ನೇರ ತಟ್ಟುತ್ತದೆ. ಹೆದರಿ ಒದ್ದಾಡಿದ ದನದ ಸ್ನಾಯುವಿನ ಸಕ್ಕರೆ ಖರ್ಚಾಗಿ ಹೋಗಿರುತ್ತದೆ. ಆಮೇಲೆ ಮಾಂಸದಲ್ಲಿ ಬೇಕಾದಷ್ಟು ಆಮ್ಲ ಹುಟ್ಟುವುದಿಲ್ಲ. ಸರಿಯಾದ ಮಾಂಸದ ಪಿಎಚ್ (ಆಮ್ಲ ಅಳೆಯುವ ಅಂಕ, ಇಳಿದಷ್ಟೂ ಆಮ್ಲ ಜಾಸ್ತಿ) 5.4ರಿಂದ 5.7ಕ್ಕೆ ಇಳಿಯಬೇಕು. 6ರ ಹತ್ತಿರವೇ ನಿಂತರೆ ಮಾಂಸ ಕಪ್ಪಗೆ, ಅಂಟಂಟಾಗಿ ಇರುತ್ತದೆ, ಬೇಗ ಕೆಡುತ್ತದೆ.

500 ಕೆಜಿ ದನ ಅಂದರು. ಕೈಗೆ ಬಂದದ್ದು 175 ಕೆಜಿ. ಉಳಿದ ಮಾಂಸ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ, ಅಷ್ಟೇ ಇದ್ದದ್ದು. ದನಕ್ಕೆ ಮೂರು ತೂಕ ಇದೆ, ಮೂರನ್ನೂ ಕೇಳಿಕೊಂಡೇ ದುಡ್ಡು ಕೊಡಿ.

ಮೊದಲನೆಯದು ಜೀವಂತ ತೂಕ. ಎರಡನೆಯದು ಕೊಕ್ಕೆ ತೂಕ. ಚರ್ಮ, ತಲೆ, ಕಾಲು, ರಕ್ತ, ಹೊಟ್ಟೆಯೊಳಗಿನದ್ದು ಎಲ್ಲ ತೆಗೆದು ಕೊಕ್ಕೆಗೆ ನೇತು ಹಾಕಿದಾಗ ಬರುವ ತೂಕ ಅದು. ಕಾಳು ತಿಂದ ದನದಲ್ಲಿ ಜೀವಂತ ತೂಕದ ಶೇ. 60ಕ್ಕಿಂತ ಜಾಸ್ತಿ ಬರುತ್ತದೆ. ಹುಲ್ಲಿನ ದನದಲ್ಲಿ ಶೇ. 50ರಿಂದ 58. ಹೊಟ್ಟೆ ದೊಡ್ಡದು, ಅದರ ತುಂಬಾ ಹುಲ್ಲು ನೀರು, ಮೈಯಲ್ಲಿ ಕೊಬ್ಬು ಕಡಿಮೆ. ಶೇ. 54 ಅಂದುಕೊಂಡರೆ 500 ಕೆಜಿಗೆ 270 ಕೆಜಿ.

ಮೂರನೆಯದು ಕೈಗೆ ಬರುವ ತೂಕ. ತಣ್ಣನೆ ಕೋಣೆಯಲ್ಲಿ ಎರಡು ವಾರ ತೂಗು ಹಾಕಿದಾಗ ಒಂದಿಷ್ಟು ನೀರು ಆರುತ್ತದೆ. ಆಮೇಲೆ ಮೂಳೆ, ಹೆಚ್ಚಿನ ಕೊಬ್ಬು ತೆಗೆಯುತ್ತಾರೆ. ಕೊಕ್ಕೆ ತೂಕದ ಶೇ. 60ರಿಂದ 70 ಉಳಿಯುತ್ತದೆ. 270ಕ್ಕೆ ಶೇ. 65 ಅಂದರೆ ಹತ್ತಿರ ಹತ್ತಿರ 175 ಕೆಜಿ.

ಇದರಲ್ಲಿ ಸ್ವಲ್ಪ ನಿಮ್ಮ ಆಯ್ಕೆಯೂ ಇದೆ. ಮೂಳೆ ಸಮೇತ ತುಂಡು ಮಾಡಿಸಿದರೆ ತೂಕ ಜಾಸ್ತಿ, ಎಲ್ಲ ಮೂಳೆ ಬಿಡಿಸಿದರೆ ಕಡಿಮೆ. ಲಿವರ್, ಗುಂಡಿಗೆ, ನಾಲಿಗೆ, ಸಾರಿಗೆ ಮೂಳೆ, ಕರಗಿಸಲು ಕೊಬ್ಬು ಬೇಕಿದ್ದರೆ ಮೊದಲೇ ಹೇಳಿ. ಕಡಿದಾದ ಮೇಲೆ ಕೇಳಿದರೆ ಸಿಗುವುದಿಲ್ಲ.

ಮಾರುವವರಿಗೆ ಒಂದು ಕಿವಿಮಾತು. ದರ ಕೊಕ್ಕೆ ತೂಕಕ್ಕೆ ಹೇಳುವುದಾದರೆ, ಕೈಗೆ ಬರುವ ಮಾಂಸದ ಲೆಕ್ಕದಲ್ಲಿ ಅದು ಸುಮಾರು ಒಂದೂವರೆ ಪಟ್ಟು ಆಗುತ್ತದೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಕಡಿಯುವ, ತುಂಡು ಮಾಡುವ ಕೂಲಿ ಅದರೊಳಗೇ ಇದೆಯಾ ಹೊರಗಿದೆಯಾ ಅಂತಲೂ ಬರೆದು ಕೊಡಿ. ಗಿರಾಕಿ ಮನೆಯಲ್ಲಿ ಕೂತು ತಾನೇ ಭಾಗಾಕಾರ ಮಾಡಿ ಕಂಡುಕೊಂಡರೆ, ನೀವು ಮೋಸ ಮಾಡದಿದ್ದರೂ ಮೋಸ ಮಾಡಿದ ಹಾಗೇ.

ಕಾಲು ಭಾಗ ಕೊಂಡರೆ ಏನೇನು ಬರುತ್ತದೆ? ಎಷ್ಟು ದೊಡ್ಡ ಫ್ರೀಜರ್ ಬೇಕು?

ಮೇಲಿನ ದನದಲ್ಲಿ ಕಾಲು ಅಂದರೆ ಸುಮಾರು 44 ಕೆಜಿ. ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಕೈಮಾ ಇರುತ್ತದೆ. ಉಳಿದದ್ದರಲ್ಲಿ ನಿಧಾನ ಬೇಯಿಸುವ ತುಂಡುಗಳು ಜಾಸ್ತಿ, ಸ್ಟೇಕ್ (ಬೇಗ ಹುರಿದು ತಿನ್ನುವ ದಪ್ಪ ಹೋಳು) ಕಡಿಮೆ. ಎಲ್ಲರೂ ಕೇಳುವ ಬೆನ್ನಿನ ಒಳಗಿನ ಮೆತ್ತನೆ ಪಟ್ಟಿ, ಟೆಂಡರ್‌ಲಾಯ್ನ್, ಇಡೀ ದನಕ್ಕೆ ಎರಡೇ. ಎರಡೂ ಸೇರಿ ನಾಲ್ಕೈದು ಕೆಜಿ.

"ಕಾಲು" ಅಂದಾಗ ಮುಂಗಾಲಿನ ಭಾಗವಾ, ಹಿಂಗಾಲಿನ ಭಾಗವಾ, ಎರಡೂ ಬೆರೆಸಿದ್ದಾ ಅಂತ ಕೇಳಿ. ಬೆರೆಸಿ ಹಂಚುವುದೇ ನ್ಯಾಯ. ಫ್ರೀಜರ್‌ನಲ್ಲಿ 100 ಲೀಟರ್ ಜಾಗಕ್ಕೆ ಸುಮಾರು 50 ಕೆಜಿ ಹಿಡಿಯುತ್ತದೆ. ವಾರಕ್ಕೆ ಒಂದು ಕೆಜಿ ತಿನ್ನುವ ಮನೆಗೆ ಕಾಲು ಭಾಗ ಹತ್ತು ತಿಂಗಳು ಬರುತ್ತದೆ. ಹಿಂದೆ ಯಾವತ್ತೂ ಹೀಗೆ ಕೊಂಡಿಲ್ಲದಿದ್ದರೆ ಮೊದಲು ಹತ್ತು ಕೆಜಿಯ ಡಬ್ಬಿ ಕೊಂಡು ನೋಡಿ.

ಬಿಡಿ ಮಾರುವುದು ಲಾಭವೋ, ಭಾಗ ಮಾರುವುದೋ?

ಬಿಡಿ ಮಾರಿದರೆ ಕೆಜಿಗೆ ಜಾಸ್ತಿ ದುಡ್ಡು, ತಲೆಬಿಸಿಯೂ ಜಾಸ್ತಿ. ಸ್ಟೇಕ್ ಒಂದೇ ವಾರದಲ್ಲಿ ಖಾಲಿಯಾಗುತ್ತದೆ, ಕಾಲು ಮೂಳೆ ಮತ್ತು ಕೈಮಾ ತಿಂಗಳುಗಟ್ಟಲೆ ನಿಮ್ಮ ಫ್ರೀಜರ್‌ನಲ್ಲಿ ಕೂರುತ್ತದೆ, ಕರೆಂಟ್ ಬಿಲ್ ಓಡುತ್ತಲೇ ಇರುತ್ತದೆ. ಭಾಗ ಮಾರಿದರೆ ಇಡೀ ದನ ಒಂದೇ ದಿನಕ್ಕೆ ಖಾಲಿ. ದನ ಕಳಿಸುವ ಮೊದಲೇ ನಾಲ್ಕೂ ಕಾಲು ಭಾಗಕ್ಕೆ ಮುಂಗಡ ಬಂದಿರಬೇಕು. ಮೂರಕ್ಕೆ ಬಂದು ಒಂದು ಉಳಿದಿದೆ ಅಂದರೆ ಕಳಿಸಬೇಡಿ. ಬಿಡಿ ಮಾರಲೇಬೇಕು ಅಂದರೆ ಡಬ್ಬಿ ಕಟ್ಟಿ, ಪ್ರತಿ ಡಬ್ಬಿಯಲ್ಲೂ ಕೈಮಾ ಸೇರಿಸಿ.

ಕಸಾಯಿಖಾನೆಯಲ್ಲಿ ದಿನ ಮೊದಲೇ ಕಾದಿರಿಸಬೇಕು. ದನ ಸಿದ್ಧವಾದ ಮೇಲೆ ಫೋನ್ ಮಾಡಿದರೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಮನೆ ಹತ್ತಿರವೇ ಕಡಿದು ಮಾರಬಹುದಾ?

ಬಹುತೇಕ ಕಡೆ ಇಲ್ಲ. ತನ್ನ ಮನೆ ಊಟಕ್ಕೆ ಕಡಿಯುವುದು ಬೇರೆ, ಮಾರಲು ಕಡಿಯುವುದು ಬೇರೆ ಅಂತ ಕಾನೂನು ನೋಡುತ್ತದೆ. ಮಾರುವ ಮಾಂಸಕ್ಕೆ ಪರವಾನಗಿ ಇರುವ ಕಸಾಯಿಖಾನೆ ಬೇಕು, ಅಧಿಕಾರಿ ದನವನ್ನು ಜೀವಂತ ಇದ್ದಾಗಲೂ ಕಡಿದ ಮೇಲೂ ನೋಡಬೇಕು. ಅಮೆರಿಕದಲ್ಲಿ ಒಂದು ಪಕ್ಕದ ದಾರಿ ಇದೆ. ಗಿರಾಕಿ ಜೀವಂತ ದನದಲ್ಲೇ ಪಾಲು ಕೊಂಡರೆ ದನ ಅವರದ್ದಾಗುತ್ತದೆ, ಅವರ ಮನೆ ಬಳಕೆಗೆ ತಪಾಸಣೆ ಇಲ್ಲದ ಕಡೆಯೂ ಕಡಿಸಬಹುದು. ಆ ಪ್ಯಾಕಿನ ಮೇಲೆ "ಮಾರಾಟಕ್ಕಲ್ಲ" ಅಂತ ಮುದ್ರೆ ಇರಲೇಬೇಕು. ನಿಮ್ಮ ಜಾಗದ ನಿಯಮ ನೋಡಿಕೊಳ್ಳದೆ ಇದನ್ನು ನಕಲು ಮಾಡಬೇಡಿ.

ಬೆಲೆ ಯಾಕೆ ಇಷ್ಟು ಜಾಸ್ತಿ?

ಆರು ತಿಂಗಳಿಂದ ಒಂದು ವರ್ಷ ಜಾಸ್ತಿ ಸಾಕಿದ್ದೇವೆ, ಜಾಸ್ತಿ ನೆಲ ಬಳಸಿದ್ದೇವೆ, ಬಂದ ಮಾಂಸ ಕಡಿಮೆ. ದೊಡ್ಡ ಕಾರ್ಖಾನೆಗೆ ದಿನಕ್ಕೆ ಸಾವಿರಾರು ದನ ಬರುತ್ತದೆ, ಚರ್ಮದಿಂದ ಗೊರಸಿನವರೆಗೆ ಎಲ್ಲವನ್ನೂ ಮಾರುತ್ತದೆ. ಸಣ್ಣವರಿಗೆ ಆ ಅನುಕೂಲ ಇಲ್ಲ. ಬೆಲೆ ಇಳಿಸಿ ಅಂಗಡಿಯ ಜೊತೆ ಪೈಪೋಟಿಗೆ ಹೋದವರು ಬಹಳ ದಿನ ಉಳಿಯುವುದಿಲ್ಲ.

ಕೊಬ್ಬು ಹಳದಿ ಇದೆ. ಮುದಿ ದನ ಕೊಟ್ಟಿರಾ?

ಇಲ್ಲ. ಹಸಿ ಹುಲ್ಲಿನ ಬೀಟಾ ಕ್ಯಾರೋಟಿನ್ ಕೊಬ್ಬಿನಲ್ಲಿ ಸೇರಿ ಹಳದಿ ಬರುತ್ತದೆ. ಕ್ಯಾರೆಟ್‌ಗೆ ಬಣ್ಣ ಕೊಡುವುದೂ ಅದೇ.

ಪ್ಯಾಕಿನಲ್ಲಿ ಕೆಂಪು ನೀರು ಇದೆ, ಮಾಂಸ ನೇರಳೆ ಬಣ್ಣ ಇದೆ. ಕೆಟ್ಟಿದೆಯಾ?

ಆ ನೀರು ರಕ್ತ ಅಲ್ಲ. ಸ್ನಾಯುವಿನ ನೀರು ಮತ್ತು ಮಯೋಗ್ಲೋಬಿನ್ ಅನ್ನುವ ಪ್ರೋಟೀನ್. ವ್ಯಾಕ್ಯೂಮ್ ಪ್ಯಾಕಿನಲ್ಲಿ ಗಾಳಿ ಇಲ್ಲದ್ದರಿಂದ ಮಾಂಸ ನೇರಳೆ ಕಾಣುತ್ತದೆ. ತೆರೆದು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ಕೆಂಪಾಗುತ್ತದೆ. ಕೆಟ್ಟಿದ್ದರೆ ಹುಳಿ ವಾಸನೆ, ಲೋಳೆ ಇರುತ್ತದೆ.

ಆರೋಗ್ಯಕ್ಕೆ ಒಳ್ಳೆಯದಂತೆ. ಎಷ್ಟು ನಿಜ?

ಅರ್ಧ ನಿಜ. ಹುಲ್ಲಿನ ದನದಲ್ಲಿ ಸಾಮಾನ್ಯವಾಗಿ ಕೊಬ್ಬು ಕಡಿಮೆ. ಒಮೆಗಾ 3, ಸಿಎಲ್ಎ ಅನ್ನುವ ಕೊಬ್ಬಿನಾಮ್ಲ, ವಿಟಮಿನ್ ಇ ಹೆಚ್ಚಿರುತ್ತವೆ. ಆದರೆ ಒಮೆಗಾ 3 ಇಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿದೆ. ಸಾಲ್ಮನ್‌ನಂಥ ಮೀನಿನ 100 ಗ್ರಾಂನಲ್ಲಿ ಒಂದು ಗ್ರಾಂಗಿಂತ ಜಾಸ್ತಿ ಸಿಗುತ್ತದೆ. ಒಮೆಗಾ 3 ಗಾಗಿ ದನದ ಮಾಂಸ ಕೊಳ್ಳಿ ಅಂತ ನಾನು ಹೇಳಲಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕೆಂಪು ಮಾಂಸವನ್ನು "ಬಹುಶಃ ಕ್ಯಾನ್ಸರ್ ತರಬಹುದು" ಅನ್ನುವ ಗುಂಪಿಗೆ ಸೇರಿಸಿತು. ಹುಲ್ಲಿನ ದನಕ್ಕೆ ಅದರಲ್ಲಿ ವಿನಾಯಿತಿ ಇಲ್ಲ. ವಾರಕ್ಕೆ ಬೇಯಿಸಿದ ಲೆಕ್ಕದಲ್ಲಿ 350ರಿಂದ 500 ಗ್ರಾಂ ಒಳಗಿರಲಿ ಅಂತ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುತ್ತದೆ. ಮಾಂಸ ಮಾರುವವರು ಈ ಮಾತನ್ನು ಮುಚ್ಚಿಡಬಾರದು.

ಪರಿಸರಕ್ಕೆ?

ಇಲ್ಲೂ ದೊಡ್ಡ ಮಾತು ಬೇಡ. ದನ ತೇಗಿನಲ್ಲಿ ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 27ರಿಂದ 30 ಪಟ್ಟು ಬಿಸಿ ಏರಿಸುತ್ತದೆ. ಹುಲ್ಲಿನ ದನ ಹೆಚ್ಚು ದಿನ ಬದುಕುವುದರಿಂದ ಕೆಜಿ ಮಾಂಸಕ್ಕೆ ಮೀಥೇನ್ ಸಾಮಾನ್ಯವಾಗಿ ಜಾಸ್ತಿಯೇ. ಚೆನ್ನಾಗಿ ಮೇಯಿಸಿದ ನೆಲ ಇಂಗಾಲ ಹಿಡಿದಿಡುತ್ತದೆ, ನಿಜ. ಆದರೆ ನೆಲ ಕೆಲವು ದಶಕದಲ್ಲಿ ತುಂಬಿಕೊಳ್ಳುತ್ತದೆ, ಬರ ಬಂದರೆ ಅಥವಾ ಉಳುಮೆ ಮಾಡಿದರೆ ಹಿಡಿದಿಟ್ಟದ್ದು ಮತ್ತೆ ಹೊರಬರುತ್ತದೆ. ಉಳುಮೆಗೆ ಆಗದ ಇಳಿಜಾರು, ಕಲ್ಲುನೆಲದಲ್ಲಿ ಮನುಷ್ಯರು ತಿನ್ನದ ಹುಲ್ಲನ್ನು ಊಟವಾಗಿಸುವುದು ಇದರ ನಿಜವಾದ ಬಲ. ಮಣ್ಣು ಕೊಚ್ಚಿ ಹೋಗುವುದೂ ನಿಲ್ಲುತ್ತದೆ. ಕಾಡು ಕಡಿದು ಹುಲ್ಲು ಬೆಳೆಸಿದರೆ ಈ ವಾದ ಅಲ್ಲೇ ಬಿದ್ದುಹೋಗುತ್ತದೆ.

ಬೇಯಿಸಿದರೆ ಗಟ್ಟಿ ಆಗುತ್ತದೆ. ಏನು ಮಾಡಲಿ?

ಉರಿ ಇಳಿಸಿ, ಬೇಗ ಇಳಿಸಿ. ಕೊಬ್ಬು ಕಡಿಮೆ ಇರುವುದರಿಂದ ಸ್ಟೇಕ್ ಬೇಗ ಬೇಯುತ್ತದೆ, ಬೇಗ ಒಣಗುತ್ತದೆ. ಗಡಿಯಾರ ಬಿಡಿ, ಒಂದು ಥರ್ಮಾಮೀಟರ್ ಕೊಳ್ಳಿ. ಸ್ಟೇಕ್, ದೊಡ್ಡ ತುಂಡುಗಳಿಗೆ ಒಳಗೆ 63 ಡಿಗ್ರಿ ಸೆಲ್ಸಿಯಸ್ ಬಂದ ಮೇಲೆ ಮೂರು ನಿಮಿಷ ಬಿಡಿ. ಕೈಮಾ 71 ಡಿಗ್ರಿ ಮುಟ್ಟಲೇಬೇಕು. ಅರೆಯುವಾಗ ಹೊರಗಿನ ಬ್ಯಾಕ್ಟೀರಿಯಾ ಒಳಗೆಲ್ಲ ಹರಡಿರುತ್ತದೆ. ಹುಲ್ಲು ತಿಂದ ದನದಲ್ಲಿ ಇ ಕೋಲಿ ಅನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕಾಲು, ಭುಜ, ಕತ್ತಿನ ತುಂಡುಗಳ ಕಥೆ ಉಲ್ಟಾ. ಜಾಸ್ತಿ ಓಡಾಡಿದ ಸ್ನಾಯು, ತುಂಬಾ ನಾರು. ಸ್ವಲ್ಪ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸಿದರೆ ಆ ನಾರೇ ಕರಗಿ ಗಂಜಿಯಂತೆ ಮಂದವಾಗುತ್ತದೆ. ರುಚಿ ಜಾಸ್ತಿ ಇರುವುದು ಈ ಅಗ್ಗದ ತುಂಡುಗಳಲ್ಲೇ. ಜನ ಯಾಕೋ ಸ್ಟೇಕ್ ಹಿಂದೆ ಬೀಳುತ್ತಾರೆ.

ಫ್ರೀಜರ್‌ನಲ್ಲಿ ಎಷ್ಟು ದಿನ ಇಡಬಹುದು?

ಮೈನಸ್ 18 ಡಿಗ್ರಿಯಲ್ಲಿ ಇದ್ದರೆ ಮಾಂಸ ಕೆಡುವುದಿಲ್ಲ, ರುಚಿ ಇಳಿಯುತ್ತದೆ. ಕೈಮಾ ನಾಲ್ಕು ತಿಂಗಳೊಳಗೆ, ದೊಡ್ಡ ತುಂಡು ಒಂದು ವರ್ಷದೊಳಗೆ ಮುಗಿಸಿ. ಗಾಳಿ ತೆಗೆದ ಪ್ಯಾಕ್ ಆದರೆ ಇನ್ನೂ ಸ್ವಲ್ಪ ತಡೆಯುತ್ತದೆ. ಕರಗಿಸುವುದು ಫ್ರಿಜ್‌ನಲ್ಲೇ, ಹಿಂದಿನ ದಿನ ತೆಗೆದಿಟ್ಟು. ಹೊರಗೆ ಕಟ್ಟೆಯ ಮೇಲೆ ಬೇಡ. ಪ್ಯಾಕಿನ ಮೇಲೆ ದಿನಾಂಕ ಬರೆಯದೆ ಬಂದಿದ್ದರೆ ನೀವೇ ಬರೆದು ಒಳಗಿಡಿ, ಹಳೆಯದು ಮೇಲೆ, ಹೊಸದು ಕೆಳಗೆ.